ಸ್ಪೈಡರ್‌ಮ್ಯಾನ್ ಪುಸ್ತಕ ಒಂದೇ ಕೊಳ್ಳುವುದಾದರೆ ಯಾವುದು? ಹುಡುಗನಿಗೆ ವಿಲನ್‌ಗಳೇ ಇಷ್ಟ

ಶಿರಸಿಯವಳು:

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನಿಗೆ ಈ ತಿಂಗಳು ಹನ್ನೊಂದು ತುಂಬುತ್ತದೆ. ಸ್ಪೈಡರ್‌ಮ್ಯಾನ್ ಸಿನಿಮಾಗಳನ್ನೆಲ್ಲ ನೋಡಿದ್ದಾನೆ. ಆದರೆ ಅವನಿಗೆ ಸ್ಪೈಡರ್‌ಮ್ಯಾನ್‌ಗಿಂತ ಡಾಕ್ಟರ್ ಆಕ್ಟೋಪಸ್ ಮೇಲೆ ಪ್ರೀತಿ ಜಾಸ್ತಿ. ಅಡುಗೆಮನೆಯ ಸೌಟುಗಳನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಾನೆ. ಹುಟ್ಟುಹಬ್ಬಕ್ಕೆ ಕಾಮಿಕ್ಸ್ ಕೊಡಿಸೋಣ ಅಂತ ಹೊರಟೆ. ಎಪಿಕ್ ಕಲೆಕ್ಷನ್, ಓಮ್ನಿಬಸ್, ಮಾಸ್ಟರ್‌ವರ್ಕ್ಸ್ ಅಂತ ಏನೇನೋ ಇವೆ, ತಲೆಬುಡ ತಿಳಿಯಲಿಲ್ಲ. ಅಂಗಡಿಯವರು 'ಕ್ರೇವನ್ಸ್ ಲಾಸ್ಟ್ ಹಂಟ್' ತೋರಿಸಿ, ಎಲ್ಲರೂ ಹೊಗಳುವ ಪುಸ್ತಕ ಅಂದರು. ಅದೇ ತೆಗೆದುಕೊಳ್ಳಲಾ? ಒಂದೇ ಪುಸ್ತಕಕ್ಕೆ ದುಡ್ಡಿರುವುದು. ಇಂಗ್ಲಿಷ್ ಚೆನ್ನಾಗಿ ಓದುತ್ತಾನೆ.

ಕಪ್ಪುಬಿಳುಪು:

ಮೇಡಂ, ಲಾಸ್ಟ್ ಹಂಟ್ ಈಗ ಬೇಡ, ದಯವಿಟ್ಟು. ನನಗೆ ಪ್ರಾಣದಂಥ ಪುಸ್ತಕ ಅದು. ಆದರೆ ಅದರಲ್ಲಿ ಒಬ್ಬ ಬಂದೂಕು ಹಿಡಿದು ತನ್ನನ್ನು ತಾನೇ ಕೊಂದುಕೊಳ್ಳುತ್ತಾನೆ. ಹನ್ನೊಂದರ ಹುಡುಗನಿಗೆ ಅದು ಭಾರ. ಇನ್ನೊಂದು ಐದಾರು ವರ್ಷ ಬಿಟ್ಟು ಕೊಡಿ.

ಈಗ ಅಮೇಜಿಂಗ್ ಸ್ಪೈಡರ್‌ಮ್ಯಾನ್ ಎಪಿಕ್ ಕಲೆಕ್ಷನ್‌ನ ಮೊದಲ ಸಂಪುಟ ಕೊಡಿಸಿ. ಹಳೇ ಸಂಚಿಕೆಗಳನ್ನು ಒಟ್ಟು ಸೇರಿಸಿ ತರುವ ಸರಣಿ ಅದು. 'ಗ್ರೇಟ್ ಪವರ್' ಅಂತ ಹೆಸರು. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಮಾಡಿದ 1962ರ ಮೊದಲ ಕಥೆ, ಆಮೇಲೆ ಒಂದರಿಂದ 17ನೇ ಸಂಚಿಕೆ, ಜೊತೆಗೆ 1964ರ ವಾರ್ಷಿಕ ಸಂಚಿಕೆ. ಎಲ್ಲವೂ ಬಣ್ಣದಲ್ಲಿ, ಮೆತ್ತನೆ ರಟ್ಟಿನಲ್ಲಿ. ಓಮ್ನಿಬಸ್ ಬೇಡ, ತುಂಬ ದಪ್ಪ, ಭಾರ, ಅದನ್ನು ಮಲಗಿಕೊಂಡು ಓದಲು ಆಗುವುದಿಲ್ಲ. ಹುಡುಗರು ಕಾಮಿಕ್ಸ್ ಓದುವುದೇ ಮಲಗಿಕೊಂಡು ಅಲ್ವಾ?

ನಾನು ಇದನ್ನೆಲ್ಲ ಮೊದಲು ಓದಿದ್ದು ಹಾಸ್ಟೆಲ್‌ನಲ್ಲಿ. ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ 'ಎಸೆನ್ಷಿಯಲ್' ಸರಣಿಯ ಮೊದಲ ಸಂಪುಟ ಸಿಕ್ಕಿತ್ತು. ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ, ಅದೇ ಥರದ ಒರಟು ಕಾಗದ, ಬಣ್ಣವೇ ಇಲ್ಲ. ಬಣ್ಣ ಇಲ್ಲದ್ದರಿಂದ ಡಿಟ್ಕೊ ಎಳೆದ ಗೆರೆ ಒಂದೊಂದೂ ಕಾಣುತ್ತಿತ್ತು. ಬೆರಳುಗಳನ್ನು ಹಾಗೆ ಬರೆಯುವವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಮಧ್ಯದ ಪುಟಗಳು ಕಿತ್ತು ಬಂದು, ದಾರ ಹಾಕಿ ಹೊಲಿದು ಇಟ್ಟುಕೊಂಡಿದ್ದೇನೆ.

ಬಿಡಿ ಕಥೆಯಾಗಿ ಓದಿದರೆ ಹೊಳೆಯದ ಒಂದು ವಿಷಯ, ಸಾಲಾಗಿ ಓದಿದಾಗ ಹೊಳೆಯಿತು. ಪೀಟರ್ ಪಾರ್ಕರ್ ಹೈಸ್ಕೂಲ್ ಹುಡುಗ. ಅವನ ಎದುರು ನಿಲ್ಲುವವರೆಲ್ಲ ದೊಡ್ಡವರು! ವಲ್ಚರ್ ಬೋಳುತಲೆಯ ಮುದುಕ. ಆಕ್ಟೋಪಸ್ ಕನ್ನಡಕದ, ದುಂಡು ಮೈಯ ವಿಜ್ಞಾನಿ. ಲಿಜರ್ಡ್ ಆಗುವ ಡಾಕ್ಟರ್ ಕಾನರ್ಸ್‌ಗೆ ಹೆಂಡತಿ ಇದ್ದಾಳೆ, ಪುಟ್ಟ ಮಗ ಇದ್ದಾನೆ. ಗ್ರೀನ್ ಗಾಬ್ಲಿನ್‌ನ ಮುಖವಾಡ 39ನೇ ಸಂಚಿಕೆಯಲ್ಲಿ ಕಳಚಿದಾಗ ಒಳಗಿರುವವನು ಪೀಟರ್‌ನ ಸಹಪಾಠಿಯ ಅಪ್ಪ. ಇವರೆಲ್ಲರ ಮೇಲೆ ಪತ್ರಿಕೆಯ ಮಾಲೀಕ ಜೇಮ್ಸನ್. ಹುಡುಗನ ಫೋಟೋ ಕೊಂಡು, ಅದೇ ಫೋಟೋ ಹಾಕಿ ಅವನಿಗೇ ಬೈಯುವ ಮನುಷ್ಯ. 20ನೇ ಸಂಚಿಕೆಯಲ್ಲಿ ದುಡ್ಡು ಕೊಟ್ಟು ಸ್ಕಾರ್ಪಿಯನ್ನನ್ನು ತಯಾರು ಮಾಡಿಸುವವನೂ ಅವನೇ.

ದೊಡ್ಡವರಿಗೆ ಎದುರುತ್ತರ ಕೊಡಬಾರದು ಅಂತ ಹೇಳಿಸಿಕೊಂಡು ಬೆಳೆದವನು ನಾನು. ಆ ಪುಟಗಳಲ್ಲಿ ಒಬ್ಬ ಹುಡುಗ ಬಾಯಿ ತುಂಬ ತಮಾಷೆ ಮಾಡುತ್ತಾ ದೊಡ್ಡವರ ಮುಂದೆ ನಿಲ್ಲುತ್ತಾನೆ. ಒಳಗೊಳಗೇ ಹೆದರಿಕೊಂಡೂ ಇರುತ್ತಾನೆ. ನನಗೆ ಈ ವಿಲನ್‌ಗಳು ಬೇಕಾದದ್ದು ಅದಕ್ಕೆ. ಅವರ ಶಕ್ತಿ ಏನು ಅನ್ನುವುದು ಆಮೇಲಿನ ಮಾತು.

ನಿಮ್ಮ ಹುಡುಗನ ಆಕ್ಟೋಪಸ್ ಮೂರನೇ ಸಂಚಿಕೆಯಲ್ಲೇ ಬರುತ್ತಾನೆ, 1963ರಲ್ಲಿ. ಸ್ಪೈಡರ್‌ಮ್ಯಾನ್‌ಗೆ ಕೆನ್ನೆಗೆ ಬಾರಿಸಿ ಕಿಟಕಿಯಿಂದ ಆಚೆ ಎಸೆಯುತ್ತಾನೆ. ಅಲ್ಲಿಯವರೆಗೆ ಯಾರೂ ಅವನನ್ನು ಹಾಗೆ ಸೋಲಿಸಿರಲಿಲ್ಲ. ಪೀಟರ್ ಇನ್ನು ಇದೆಲ್ಲ ಬಿಟ್ಟುಬಿಡಬೇಕು ಅಂದುಕೊಳ್ಳುತ್ತಾನೆ. ಆಮೇಲೆ ಹ್ಯೂಮನ್ ಟಾರ್ಚ್ ಅನ್ನುವ ಇನ್ನೊಬ್ಬ ಹೀರೋ ಶಾಲೆಗೆ ಬಂದು ಮಕ್ಕಳ ಮುಂದೆ ಮಾತಾಡುತ್ತಾನೆ, ಅದನ್ನು ಕೇಳಿ ಧೈರ್ಯ ಬರುತ್ತದೆ. ಗೆಲ್ಲುವುದೂ ಬರೀ ತೋಳ್ಬಲದಿಂದ ಅಲ್ಲ. ಒಂದು ರಾಸಾಯನಿಕ ತಯಾರಿಸಿ ಎರಡು ಲೋಹದ ಕೈಗಳನ್ನು ಅಂಟಿಸಿಬಿಡುತ್ತಾನೆ. 12ನೇ ಸಂಚಿಕೆ ಇನ್ನೂ ಚೆನ್ನ. ಪೀಟರ್‌ಗೆ ಜ್ವರ, ಮೈಯಲ್ಲಿ ಶಕ್ತಿ ಇಲ್ಲ. ಆಕ್ಟೋಪಸ್ ಎಲ್ಲರ ಮುಂದೆ ಅವನ ಮುಖವಾಡ ಕಿತ್ತೇಬಿಡುತ್ತಾನೆ. ಆದರೆ ಇಷ್ಟು ಸುಲಭಕ್ಕೆ ಸೋತ ಈ ಹುಡುಗ ನಿಜವಾದ ಸ್ಪೈಡರ್‌ಮ್ಯಾನ್ ಆಗಿರಲು ಸಾಧ್ಯವೇ ಇಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಪುಟ ಓದುವಾಗ ಅವನ ಮುಖ ನೋಡಿ ನೀವು.

ಗೋಥಮ್ ರಾತ್ರಿ:

ಮಕ್ಕಳಿಗೆ ಇದು ಸರಿ, ಒಪ್ಪಿದೆ. ಆದರೆ ವಿಲನ್ ಅಂತ ಬಂದರೆ ಬ್ಯಾಟ್‌ಮ್ಯಾನ್ ಕಡೆಯವರ ಹತ್ತಿರ ಯಾರೂ ಸುಳಿಯುವುದಿಲ್ಲ. ಜೋಕರ್ 1940ರಿಂದ ಇದ್ದಾನೆ. 1988ರ 'ದ ಕಿಲ್ಲಿಂಗ್ ಜೋಕ್' ಐವತ್ತು ಪುಟವೂ ಇಲ್ಲ, ಅಷ್ಟರಲ್ಲೇ ಎದೆ ಝಲ್ಲೆನ್ನುತ್ತದೆ. 2008ರ ಆವೃತ್ತಿಯಲ್ಲಿ ಚಿತ್ರ ಬರೆದ ಬ್ರಯಾನ್ ಬೋಲಂಡ್ ತಾವೇ ಮತ್ತೆ ಬಣ್ಣ ಹಾಕಿದರು. ಹಳೇ ನೆನಪಿನ ಭಾಗ ಹೆಚ್ಚುಕಡಿಮೆ ಕಪ್ಪು ಬಿಳುಪು, ಅಲ್ಲಲ್ಲಿ ಮಾತ್ರ ಕೆಂಪು. ಆಕ್ಟೋಪಸ್ ಅದರ ಮುಂದೆ ಕಾರ್ಟೂನ್ ಅನ್ನಿಸುತ್ತಾನೆ ನನಗೆ.

ಕಪ್ಪುಬಿಳುಪು:

ಗೋಥಮ್ ಅವರೇ, ಬೋಲಂಡ್ ಚಿತ್ರಕ್ಕೆ ಕೈ ಮುಗಿಯುತ್ತೇನೆ. ಆ ಮಳೆಯ ಪುಟಗಳನ್ನು ಎಷ್ಟು ಸಲ ತೆರೆದು ನೋಡಿದ್ದೇನೋ. ಆದರೆ ಪೊಲೀಸ್ ಕಮಿಷನರ್ ಗಾರ್ಡನ್ ಮಗಳು ಬಾರ್ಬರಾಗೆ ಅಲ್ಲಿ ಆಗುವುದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಜೋಕರ್ ಎಷ್ಟು ಕ್ರೂರಿ ಅಂತ ತೋರಿಸಲು ಅವಳಿಗೆ ಗುಂಡು ಹೊಡೆಸುತ್ತಾರೆ. ಆಮೇಲೆ ಅವಳಿಗೆ ಏನನ್ನಿಸಿತು ಅಂತ ಆ ಪುಸ್ತಕ ಕೇಳುವುದೇ ಇಲ್ಲ. ಕಥೆ ಜೋಕರ್, ಬ್ಯಾಟ್‌ಮ್ಯಾನ್, ಗಾರ್ಡನ್ ಈ ಮೂರು ಗಂಡಸರದ್ದೇ ಆಗಿ ಮುಗಿಯುತ್ತದೆ.

ನೀವು ಜೋಕರ್ ಎತ್ತಿದ್ದು ಒಳ್ಳೆಯದಾಯಿತು. ಲಾಸ್ಟ್ ಹಂಟ್ ಕಥೆಯನ್ನು ಅದರ ಲೇಖಕ ಜೆ. ಎಂ. ಡಿಮ್ಯಾಟಿಸ್ ಮೊದಲು ಯೋಚಿಸಿದ್ದು ಸ್ಪೈಡರ್‌ಮ್ಯಾನ್‌ಗೆ ಅಲ್ಲ. ಮೊದಲು ಮಾರ್ವೆಲ್‌ನ ಇನ್ನೊಬ್ಬ ಹೀರೋ ವಂಡರ್ ಮ್ಯಾನ್‌ಗೆ ಅಂತ ಕೊಟ್ಟರು, ಬೇಡ ಅಂದರು. ಆಮೇಲೆ ಬ್ಯಾಟ್‌ಮ್ಯಾನ್ ಪ್ರಕಟಿಸುವ ಡಿಸಿ ಕಂಪನಿಗೆ ಹೋಗಿ ಬ್ಯಾಟ್‌ಮ್ಯಾನ್, ಜೋಕರ್ ಕಥೆಯಾಗಿ ಹೇಳಿದರು. ಅಲ್ಲೂ ಬೇಡ ಅಂದರು. ಆಗ ಕಿಲ್ಲಿಂಗ್ ಜೋಕ್ ತಯಾರಾಗುತ್ತಿತ್ತು, ಎರಡೂ ಒಂದೇ ಥರ ಆಗುತ್ತವೆ ಅನ್ನುವುದು ಒಂದು ಕಾರಣ. ಕೊನೆಗೆ ಕಥೆ ಕ್ರೇವನ್ ಹತ್ತಿರ ಬಂತು. ಬಂದಿದ್ದು ಎಷ್ಟು ಒಳ್ಳೆಯದಾಯಿತು!

ಯಾಕೆಂದರೆ ಕ್ರೇವನ್ ದೊಡ್ಡ ವಿಲನ್ನೇ ಆಗಿರಲಿಲ್ಲ. 1964ರಲ್ಲಿ, 15ನೇ ಸಂಚಿಕೆಯಲ್ಲಿ ಬಂದಾಗ ಸಿಂಹದ ಮುಖದ ಕೋಟು, ಚಿರತೆ ಚುಕ್ಕೆಯ ಪ್ಯಾಂಟು ಹಾಕಿಕೊಂಡು ಬರುತ್ತಾನೆ. ಕಾಡಿನ ಸೊಪ್ಪಿನ ರಸ ಕುಡಿದು ಬಲ ತಂದುಕೊಳ್ಳುವ ಬೇಟೆಗಾರ. ಸೋಲುತ್ತಾನೆ, ಮತ್ತೆ ಬರುತ್ತಾನೆ, ಮತ್ತೆ ಸೋಲುತ್ತಾನೆ. ಡಿಮ್ಯಾಟಿಸ್ 1987ರಲ್ಲಿ ಈ ಸೋಲುಗಳನ್ನೇ ಹಿಡಿದುಕೊಂಡರು. ಇಷ್ಟು ವರ್ಷ ಸೋತವನ ಮನಸ್ಸಿನಲ್ಲಿ ಏನು ನಡೆಯುತ್ತಿರುತ್ತದೆ? ಕ್ರೇವನ್ ಸ್ಪೈಡರ್‌ಮ್ಯಾನ್‌ನ ಪ್ರಜ್ಞೆ ತಪ್ಪಿಸಿ, ಎರಡು ವಾರ ಮಣ್ಣಿನಲ್ಲಿ ಹೂತಿಡುತ್ತಾನೆ. ಅವನ ಬಟ್ಟೆ ತೊಟ್ಟು ಊರಿನಲ್ಲಿ ಓಡಾಡುತ್ತಾನೆ. ತಾನು ಅವನಿಗಿಂತ ಮೇಲು ಅಂತ ತನಗೇ ತೋರಿಸಿಕೊಳ್ಳಬೇಕು, ಅಷ್ಟೇ ಅವನಿಗೆ ಬೇಕಾದದ್ದು. ಅದು ಆಯಿತು ಅನ್ನಿಸಿದ ಮೇಲೆ ಪೀಟರ್‌ನನ್ನು ಬಿಟ್ಟುಬಿಡುತ್ತಾನೆ. ಪೀಟರ್‌ಗೆ ಆಗಷ್ಟೇ ಮೇರಿ ಜೇನ್ ಜೊತೆ ಮದುವೆಯಾಗಿದೆ. ಮಣ್ಣು ತೋಡಿಕೊಂಡು ಮೇಲೆ ಬರುವುದು ಅವಳ ಹತ್ತಿರ ಹೋಗಲು. ಚಿತ್ರಕಾರ ಮೈಕ್ ಝೆಕ್ ಆ ಪುಟಗಳನ್ನು ಬರೆದಿರುವ ರೀತಿ ನೋಡಿದರೆ ನಮ್ಮ ಉಗುರಿಗೂ ಮಣ್ಣು ಮೆತ್ತಿದ ಹಾಗಾಗುತ್ತದೆ.

ಇದು ಆರು ಕಂತಿನ ಕಥೆ. ಆಗ ಮೂರು ಬೇರೆ ಬೇರೆ ಪತ್ರಿಕೆಗಳಲ್ಲಿ ಹಂಚಿ ಬಂದಿತ್ತು. ಈಗ ಒಂದೇ ಪುಸ್ತಕ, ಒಂದು ರಾತ್ರಿಗೆ ಓದಿ ಮುಗಿಸಬಹುದು. ಸಂಗ್ರಹ ಅಂದರೆ ನನಗೆ ಪ್ರೀತಿ ಇದಕ್ಕೇ. ಆದರೆ ಹಳೇ ಕ್ರೇವನ್‌ನನ್ನು ಓದದೆ ಇದನ್ನೊಂದೇ ಓದಿದವರಿಗೆ ಅರ್ಧ ಮಾತ್ರ ಸಿಗುತ್ತದೆ ಅಂತ ನನ್ನ ನಂಬಿಕೆ. ಆ ಚುಕ್ಕೆ ಪ್ಯಾಂಟಿನ ಮನುಷ್ಯ ಗೊತ್ತಿದ್ದರೆ ಕೊನೆಯ ಗುಂಡಿನ ಸದ್ದು ಬೇರೆಯೇ ಕೇಳುತ್ತದೆ.

ತುಂಗಭದ್ರಾ:

ಇಬ್ಬರೂ ಮ್ಯಾಗ್ನೆಟೊ ಹೆಸರೇ ಎತ್ತಲಿಲ್ಲವಲ್ಲ! 1963ರಲ್ಲಿ ಎಕ್ಸ್‌ಮೆನ್ ಮೊದಲ ಸಂಚಿಕೆಯಲ್ಲಿ ಸುಮ್ನೆ ಕೂಗಾಡುವ ವಿಲನ್. 1981ರ 150ನೇ ಸಂಚಿಕೆಯಲ್ಲಿ ಲೇಖಕ ಕ್ರಿಸ್ ಕ್ಲೇರ್ಮಾಂಟ್ ಅವನನ್ನು ನಾಜಿಗಳ ಆಷ್ವಿಟ್ಜ್ ಶಿಬಿರದಲ್ಲಿ ಬೆಳೆದವನು ಅಂತ ಮಾಡಿದರು. ಅಲ್ಲಿಂದ ಅವನ ಪ್ರತಿ ಮಾತಿಗೂ ತೂಕ ಬಂತು.

ಕಪ್ಪುಬಿಳುಪು:

ನಿಜ. ಆ ಸಂಚಿಕೆಯಲ್ಲಿ ಎಕ್ಸ್‌ಮೆನ್ ತಂಡದ ಪುಟ್ಟ ಹುಡುಗಿ ಕಿಟಿಯನ್ನು ಕೊಂದೇಬಿಟ್ಟೆ ಅಂದುಕೊಂಡು ಅವನು ಕುಸಿದು ಕೂರುತ್ತಾನಲ್ಲ, ಅಲ್ಲಿ ನನಗೂ ಕಣ್ಣು ತುಂಬಿತ್ತು.

ಶಿರಸಿಯವಳು:

'ಗ್ರೇಟ್ ಪವರ್' ಬಂತು. ಆನ್‌ಲೈನ್‌ನಲ್ಲಿ ತರಿಸಿದೆ, ಒಂದು ಮೂಲೆ ಮಡಚಿಕೊಂಡಿತ್ತು. ಬದಲಾಯಿಸೋಣ ಅಂದರೆ ಪುಸ್ತಕ ಕೈಬಿಡಲು ಅವನು ತಯಾರಿಲ್ಲ. ನಿನ್ನೆ 12ನೇ ಸಂಚಿಕೆ ಓದಿದ. ಮುಖ ನೋಡಿಯೂ ಆಕ್ಟೋಪಸ್‌ಗೆ ಗೊತ್ತಾಗಲಿಲ್ಲವಾ ಅಂತ ತನ್ನ ಆಕ್ಟೋಪಸ್ ಮೇಲೇ ಸಿಟ್ಟು ಮಾಡಿಕೊಂಡಿದ್ದಾನೆ. ಮುಂದಿನದು ಯಾವುದು ಅಂತ ನಿಮ್ಮನ್ನೇ ಕೇಳಬೇಕಂತೆ.

ಕಪ್ಪುಬಿಳುಪು:

ಎರಡನೇ ಸಂಪುಟ, 'ಗ್ರೇಟ್ ರೆಸ್ಪಾನ್ಸಿಬಿಲಿಟಿ'. 18ರಿಂದ 38ರವರೆಗೆ, ಡಿಟ್ಕೊ ಬಿಟ್ಟು ಹೋಗುವ ತನಕ. ಪುಸ್ತಕದ ಬೆನ್ನಿನ ಮೇಲಿರುವ ಸಂಖ್ಯೆ ನೋಡಿಕೊಂಡೇ ಕೊಳ್ಳಿ. ಎಪಿಕ್ ಸಂಪುಟಗಳನ್ನು ಸಾಲಾಗಿ ಅಚ್ಚು ಹಾಕುವುದಿಲ್ಲ. ಸಂಖ್ಯೆ ಕಥೆಯ ಕಾಲಕ್ಕೆ ತಕ್ಕಂತೆ ಇರುತ್ತದೆ. ಕೆಲವು ಸಂಪುಟಗಳು ಅಚ್ಚಿನಲ್ಲಿ ಮುಗಿದು ವರ್ಷಗಟ್ಟಲೆ ಸಿಗುವುದಿಲ್ಲ, ಕಂಡಾಗ ತೆಗೆದಿಟ್ಟುಕೊಳ್ಳಿ.

ಅವನಿಗೆ ಹೇಳಿ, 31ರಿಂದ 33 ಆಕ್ಟೋಪಸ್‌ದೇ ಕಥೆ. ಪೀಟರ್‌ನನ್ನು ಸಾಕಿದ ಮೇ ಅತ್ತೆ ಆಸ್ಪತ್ರೆಯಲ್ಲಿದ್ದಾಳೆ. ಅವಳಿಗೆ ಬೇಕಾದ ಔಷಧಿ ಪೀಟರ್‌ನ ಕಣ್ಣೆದುರೇ, ಕೈಗೆ ಎಟುಕದಷ್ಟು ದೂರದಲ್ಲಿ ಬಿದ್ದಿದೆ. ಅವನ ಮೇಲೆ ಬೆಟ್ಟದಂಥ ಯಂತ್ರ, ಸುತ್ತಲೂ ನೀರು ಸೋರುತ್ತಿದೆ. ಆಕ್ಟೋಪಸ್ ಆ ಕೋಣೆಯಲ್ಲಿ ಇಲ್ಲವೇ ಇಲ್ಲ. ಪುಟ ತಿರುಗಿಸಿದಂತೆ ಚೌಕಟ್ಟುಗಳು ದೊಡ್ಡದಾಗುತ್ತಾ ಹೋಗುತ್ತವೆ. ಆಮೇಲೆ ಇಡೀ ಒಂದು ಪುಟ ಬರುತ್ತದೆ. ಅದನ್ನು ಮುಂಚೆಯೇ ತೆರೆದು ನೋಡಬೇಡ ಅಂತ ಹೇಳಿ.