ಶಾಲೆಗೊಬ್ಬ ಪೊಲೀಸ್ ಇಟ್ಟರೆ ಸಾಕಾ? ಚಿಕ್ಕಪ್ಪನಿಗೆ ಉತ್ತರ

ಚಿಕ್ಕಪ್ಪ, ಬೆಳಗ್ಗೆ ಗ್ರೂಪಲ್ಲಿ ಕೇಳಿದಿರಲ್ಲ, ನಿಮ್ಮ ಟೆಕ್ಸಸ್‌ನಲ್ಲಿ ಶಾಲೆಗೊಬ್ಬ ಪೊಲೀಸ್ ಇಟ್ಟುಬಿಟ್ಟರೆ ಈ ಗುಂಡು ಹಾರಿಸೋ ಕಾಟ ನಿಲ್ಲಲ್ವಾ ಅಂತ. ಸ್ವಲ್ಪ ಉದ್ದ ಆಗುತ್ತೆ, ಕೇಳಿ.

ಕಾನೂನು ಆಗಲೇ ಇದೆ. 2023ರ ಸೆಪ್ಟೆಂಬರ್‌ನಿಂದ ಇಲ್ಲಿನ ಪ್ರತಿ ಸರ್ಕಾರಿ ಶಾಲೆಯಲ್ಲೂ ಗನ್ ಇರುವ ಒಬ್ಬ ಕಾವಲಿನವರು ಇರಲೇಬೇಕು. ಆದರೆ ಆಗ ಸರ್ಕಾರ ಶಾಲೆಗೆ ಕೊಟ್ಟಿದ್ದು ವರ್ಷಕ್ಕೆ 15 ಸಾವಿರ ಡಾಲರ್, ಮೇಲೆ ಮಗುವಿಗೆ ಹತ್ತು ಹತ್ತು ಡಾಲರ್. ಅದರಲ್ಲಿ ಒಬ್ಬ ಪೊಲೀಸ್‌ನ ಸಂಬಳ ಎಲ್ಲಿ ಹುಟ್ಟುತ್ತೆ ಹೇಳಿ? ದುಡ್ಡಿಲ್ಲ, ಜನ ಸಿಗುತ್ತಿಲ್ಲ ಅಂತ ಎಷ್ಟೋ ಕಡೆ ವಿನಾಯಿತಿ ತಗೊಂಡರು.

ಈ ಕಾನೂನು ಬಂದಿದ್ದೇ ಇಲ್ಲಿನ ಉವಾಲ್ಡೆ ಅನ್ನೋ ಊರಿನ ಶಾಲೆಗೆ ಒಬ್ಬ ಗನ್ ಹಿಡಿದು ನುಗ್ಗಿ ಗುಂಡು ಹಾರಿಸಿದ ಮೇಲೆ. 2022ರ ಮೇ 24. ಹತ್ತೊಂಬತ್ತು ಮಕ್ಕಳು, ಇಬ್ಬರು ಟೀಚರ್‌ಗಳು ಹೋದರು. ಅಲ್ಲಿ ಪೊಲೀಸರಿಗೇನು ಕೊರತೆ ಇರಲಿಲ್ಲ ಚಿಕ್ಕಪ್ಪ. ಆ ಊರಿನ ಶಾಲೆಗಳಿಗೆ ಅಂತಲೇ ಪೊಲೀಸ್ ಇಲಾಖೆ ಇತ್ತು. ಅವತ್ತು ಬಂದ ಪೊಲೀಸರು ಒಟ್ಟು 376 ಜನ. ಆದರೂ ಆ ಗನ್ ಹಿಡಿದವನಿದ್ದ ಕ್ಲಾಸಿಗೆ ನುಗ್ಗಿ ಅವನನ್ನು ಹೊಡೆಯೋಕೆ 77 ನಿಮಿಷ ತಗೊಂಡರು. ಒಳಗಿದ್ದ ಮಕ್ಕಳು ಫೋನ್ ಮಾಡಿ ಪೊಲೀಸರನ್ನು ಕಳಿಸಿ ಅಂತ ಬೇಡುತ್ತಿದ್ದರು. ಇವರು ಹೊರಗೆ ಕಾರಿಡಾರ್‌ನಲ್ಲಿ ನಿಂತಿದ್ದರು. ಆ ಕ್ಲಾಸಿನ ಬಾಗಿಲ ಲಾಕ್ ಸರಿಯಿಲ್ಲ ಅಂತ ಶಾಲೆಯಲ್ಲಿ ಮೊದಲೇ ಗೊತ್ತಿತ್ತು. ರಿಪೇರಿ ಮಾಡಿಸಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಹಾಗಂತ ಪೊಲೀಸ್ ಬೇಡವೇ ಬೇಡ ಅನ್ನಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಅಪಲಾಚಿ ಹೈಸ್ಕೂಲ್‌ನಲ್ಲಿ ಒಬ್ಬ ಹುಡುಗ ಗುಂಡು ಹಾರಿಸಿದಾಗ ಟೀಚರ್‌ಗಳು ಕೊರಳಲ್ಲಿದ್ದ ಬ್ಯಾಡ್ಜಿನ ಅಪಾಯ ತಿಳಿಸೋ ಬಟನ್ ಒತ್ತಿದರು. ಶಾಲೆಯ ಪೊಲೀಸರು ನಿಮಿಷಗಳಲ್ಲೇ ಎದುರು ನಿಂತರು, ಹದಿನಾಲ್ಕರ ಆ ಹುಡುಗ ಶರಣಾದ. ಇನ್ನೂ ಜಾಸ್ತಿ ಜೀವ ಹೋಗೋದು ತಪ್ಪಿತು. ಆದರೂ ಅಷ್ಟರೊಳಗೆ ನಾಲ್ವರು ಸತ್ತಿದ್ದರು. ಅದಕ್ಕೆ ಒಂದು ವರ್ಷ ಮುಂಚೆಯೇ, ಆನ್‌ಲೈನ್ ಬೆದರಿಕೆ ವಿಷಯಕ್ಕೆ ಪೊಲೀಸರು ಅದೇ ಹುಡುಗನ ಮನೆಗೆ ಹೋಗಿ ವಿಚಾರಿಸಿ ಬಂದಿದ್ದರು. ತಡೆಯಬೇಕಿದ್ದದ್ದು ಆವಾಗಲೇ ಅಲ್ವಾ?

ಇನ್ನೊಂದು ಭಯ. ಪೊಲೀಸ್ ಅಲ್ಲೇ ಇದ್ದಾರೆ ಅಂತ ಊಟದ ಹೊತ್ತಲ್ಲಿ ಹುಡುಗರು ಕಿತ್ತಾಡಿದರೂ ಅವರನ್ನೇ ಕರೆಯೋದು. ಹೆಡ್‌ಮಾಸ್ಟರ್ ಕೂರಿಸಿ ಬುದ್ಧಿ ಹೇಳಬೇಕಾದ್ದು ಕೇಸ್ ಆಗುತ್ತೆ. ಹಾಗೆ ಸಿಕ್ಕಿಹಾಕಿಕೊಳ್ಳೋದು ಜಾಸ್ತಿ ಕಪ್ಪು ಮಕ್ಕಳೇ.

ಮುಂದಿನ ವಾರ ನಮ್ಮ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇದೆ. ಪ್ರತಿ ಕ್ಲಾಸಿನ ಬಾಗಿಲು ಒಳಗಿಂದ ಲಾಕ್ ಆಗುತ್ತಾ, ಯಾವುದಾದರೂ ಮಗು ವಿಚಿತ್ರವಾಗಿ ಮಾತಾಡಿದರೆ ಟೀಚರ್ ಯಾರಿಗೆ ಹೇಳಬೇಕು, ಪೊಲೀಸ್ ಯಾವುದಕ್ಕೆ ಕೈ ಹಾಕಬಾರದು, ಇದನ್ನೆಲ್ಲ ಬರೆದು ಕೊಡಿ ಅಂತ ಕೇಳ್ತೀನಿ. ಗ್ರೂಪಲ್ಲಿ ಅಮೆರಿಕದಲ್ಲಿರೋರು ನಿಮ್ಮ ನಿಮ್ಮ ಶಾಲೆಗಳಲ್ಲೂ ಕೇಳಿ, ಏನಂದರು ಅಂತ ಇಲ್ಲೇ ಹಾಕಿ.