ಅಪ್‌ಡೇಟ್: ಎರಡೇ ವಾರಕ್ಕೆ ನಿಲ್ಲುತ್ತಿದ್ದ ನನ್ನ ಓಟ

ದಿನಾ 5 ಕಿಲೋಮೀಟರ್ ಓಡಬೇಕು ಅಂತ ಹೊರಟು ಪ್ರತಿ ಸಲ ಎರಡನೇ ವಾರಕ್ಕೇ ಕೈಬಿಡುತ್ತೇನೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ. ಆರು ವಾರ ಆಯಿತು, ಇನ್ನೂ ಬಿಟ್ಟಿಲ್ಲ!

ಕೈ ಹಿಡಿದದ್ದು "ನಾಚಿಕೆ ಆಗುವಷ್ಟು ಚಿಕ್ಕ ಗುರಿ ಇಟ್ಟುಕೊಳ್ಳಿ" ಅಂದವರ ಸಲಹೆ. ಓದಿದಾಗ ನಕ್ಕಿದ್ದೆ, ಕ್ಷಮಿಸಿ. ವಾರಕ್ಕೆ ಮೂರೇ ದಿನ, 10 ನಿಮಿಷ, ಹಲ್ಲುಜ್ಜಿದ ತಕ್ಷಣ ಶೂ ಹಾಕಿಕೊಂಡು ಹೊರಡೋದು, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಇನ್ನೂ ಓಡಬಹುದು ಅನ್ನಿಸಿದರೂ ಅಲ್ಲಿಗೇ ನಿಲ್ಲಿಸೋದು. ಈಗ 25 ನಿಮಿಷಕ್ಕೆ ಬಂದಿದೆ. ನಡುವೆ ಜ್ವರ ಬಂದು ಒಂದು ವಾರ ಹೋಯಿತು. ಮತ್ತೆ 10 ನಿಮಿಷದಿಂದ ಶುರು ಮಾಡಿದೆ, ಅಷ್ಟೇ.

ದಿನಾ ತೂಕ ನೋಡೋದು ನನಗೆ ಆಗಿಬರಲಿಲ್ಲ. ಒಂದು ಕಿಲೋ ಸುಮ್ನೆ ಹತ್ತಿ ಇಳಿಯುತ್ತದೆ, ನೋಡಿ ಮೂಡ್ ಹಾಳು. ಗೆಳೆಯನ ಜೊತೆ ಓಡೋದೂ ಅಷ್ಟೇ, ಅವನು ಬರದ ದಿನ ನಾನೂ ಮಲಗಿಬಿಡುತ್ತಿದ್ದೆ.

ಇನ್ನೊಂದು ವಿಷಯ. ದಿನಕ್ಕೆ 10,000 ಹೆಜ್ಜೆ ಅನ್ನೋದು ವೈದ್ಯರ ಲೆಕ್ಕ ಅಂದುಕೊಂಡಿದ್ದೆ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಸಾಧನದ ಹೆಸರಿನಿಂದ ಬಂದದ್ದಂತೆ! ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ, ಚುರುಕು ನಡಿಗೆಯೂ ಲೆಕ್ಕಕ್ಕೆ ಬರುತ್ತದೆ. ನಾನೀಗ ಸರಿಯಾಗಿ ಅರ್ಧಕ್ಕೆ ಬಂದಿದ್ದೇನೆ.