ಸಹಾಯ ಬೇಕು: ವೀಟ್ ಟೆಂಪ್ಲೇಟ್ ಆಪ್, ಒಳಪುಟ ರಿಫ್ರೆಶ್ ಮಾಡಿದರೆ 404

ಗೆಳೆಯರೇ, ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದರ ತೋರಿಸುವ ಆಪ್ ಅನ್ನು ವೀಟ್‌ನ (Vite, ವೆಬ್ ಆಪ್ ಕಟ್ಟುವ ಸಾಧನ) ರಿಯಾಕ್ಟ್ ಟೆಂಪ್ಲೇಟ್‌ನಿಂದ ಶುರು ಮಾಡಿದ್ದೇವೆ. ಲೋಕಲ್‌ನಲ್ಲಿ, 5173 ಪೋರ್ಟ್‌ನಲ್ಲಿ, ಎಲ್ಲ ಸರಿ. ಬಿಲ್ಡ್ ಮಾಡಿ, ಅದರಿಂದ ತಯಾರಾದ ಡಿಸ್ಟ್ (dist) ಫೋಲ್ಡರ್‌ನ ಫೈಲುಗಳನ್ನು ಅಪಾಚೆ ಸರ್ವರ್‌ನ ಸಬ್‌ಫೋಲ್ಡರ್‌ಗೆ ಹಾಕಿದೆವು. ವೀಟ್ ಕಾನ್ಫಿಗ್‌ನ ಬೇಸ್‌ನಲ್ಲಿ ಆ ಫೋಲ್ಡರ್ ಹೆಸರನ್ನು ಎರಡೂ ಬದಿ ಸ್ಲ್ಯಾಶ್ ಸಮೇತ ಕೊಟ್ಟಿದ್ದೇವೆ (ಇಲ್ಲದಿದ್ದರೆ ಬರೀ ಬಿಳಿ ಪುಟ), ಆಪ್‌ನೊಳಗೆ ಪುಟ ಬದಲಿಸುವ ರೂಟರ್‌ನ ಬೇಸ್‌ನೇಮ್ ಕೂಡ ಅದೇ. ಮುಖಪುಟ ತೆರೆಯುತ್ತದೆ.

ಒಳಪುಟದಲ್ಲಿ ರಿಫ್ರೆಶ್ ಒತ್ತಿದರೆ ಮಾತ್ರ 404 (ಪುಟ ಸಿಗಲಿಲ್ಲ). ಆ ಹೆಸರಿನ ಫೈಲ್ ಸರ್ವರ್‌ನಲ್ಲಿ ಇಲ್ಲವಲ್ಲ, ಅದಕ್ಕೇ ಇಂಡೆಕ್ಸ್ ಪುಟಕ್ಕೆ ತಿರುಗಿಸಲು ಡಾಟ್ ಎಚ್‌ಟಿಆಕ್ಸೆಸ್ (.htaccess, ಫೋಲ್ಡರ್ ಮಟ್ಟದ ಅಪಾಚೆ ಸೆಟ್ಟಿಂಗ್) ಫೈಲಿನಲ್ಲಿ ರೀರೈಟ್ ನಿಯಮ ಬರೆದಿದ್ದೇವೆ. ಬೇಕೆಂದೇ ತಪ್ಪು ಸಾಲು ಸೇರಿಸಿದರೂ 500 (ಸರ್ವರ್ ದೋಷ) ಬರುತ್ತಿಲ್ಲ. ಅಂದರೆ ಸರ್ವರ್ ಆ ಫೈಲನ್ನು ಓದುತ್ತಲೇ ಇಲ್ಲ. ಅಂಥ ಫೈಲುಗಳನ್ನು ಕಡೆಗಣಿಸುವ ‘AllowOverride None’ ಸೆಟ್ಟಿಂಗ್ ಇರಬೇಕು. ಅದಿರುವ ಸರ್ವರ್‌ನ ಮುಖ್ಯ ಕಾನ್ಫಿಗ್ ನಮ್ಮ ಕೈಯಲ್ಲಿಲ್ಲ. ವಿಳಾಸದಲ್ಲಿ # ಸೇರಿಸುವ ಹ್ಯಾಶ್ ರೂಟರ್ ಬೇಡ, ರೈತರ ಗುಂಪುಗಳಿಗೆ ಈಗಾಗಲೇ ಹೋಗಿರುವ ಲಿಂಕುಗಳು ಕೆಡುತ್ತವೆ. ಬೇರೆ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.